ಮೊದಲ ಟ್ರಯಥ್ಲಾನ್: ತೋಟದ ಕೆರೆಯಲ್ಲಿ ಈಜಿದವನು ಕಡಲಿಗೆ ಇಳಿಯಬಹುದೇ?

ಹಾಜರಿ ಪುಸ್ತಕ, ಸುಂಟಿಕೊಪ್ಪ (ಡಿಸೆಂಬರ್ 14)

ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ವಯಸ್ಸು 41. ಬೆಳಿಗ್ಗೆ ಏಳೂವರೆಗೆ ಹಾಜರಿ ಹಾಕುವುದು, ಸಂಜೆ ನಾಲ್ಕೂವರೆಯಿಂದ ಕೊಯ್ದ ಹಣ್ಣಿನ ತೂಕ ಬರೆಯುವುದು, ನಡುವೆ ಏರುತಗ್ಗಿನಲ್ಲಿ ಹತ್ತು ಕಿಲೋಮೀಟರಾದರೂ ನಡೆಯುವುದು ನನ್ನ ದಿನಚರಿ. ಕಾಲಿನಲ್ಲಿ ಕಸುವಿದೆ ಎಂಬ ಧೈರ್ಯದ ಮೇಲೆ ಕಳೆದ ತಿಂಗಳು ಒಂದು ಕೆಲಸ ಮಾಡಿಬಿಟ್ಟೆ. ಮಾರ್ಚ್ ಕೊನೆಯ ಭಾನುವಾರ ಮಂಗಳೂರಿನ ಕಡೆಯ ಕಡಲತೀರವೊಂದರಲ್ಲಿ ನಡೆಯುವ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೆಸರು ಕೊಟ್ಟು ಹಣ ಕಟ್ಟಿದ್ದೇನೆ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಎಷ್ಟು ಕಟ್ಟಿದೆ ಎಂದು ಮನೆಯಲ್ಲಿ ಹೇಳಿಲ್ಲ.

ತಿಳಿದವರು ದಯವಿಟ್ಟು ಉತ್ತರಿಸಿ.

ಮೊದಲನೆಯದು ಸೈಕಲ್. ನನ್ನ ಬಳಿ ಇರುವುದು ಹಳೆಯ, ದಪ್ಪ ಟಯರಿನ ಗೇರ್ ಸೈಕಲ್. ರೇಸಿಂಗ್ ಸೈಕಲ್ ಕೊಳ್ಳಲೇಬೇಕೇ? ಸಾಲ ಮಾಡಲು ಸಿದ್ಧನಿದ್ದೇನೆ.

ಎರಡನೆಯದು ಸಮಯ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿದೆ, ಜನವರಿಯಿಂದ ರೋಬಸ್ಟಾ. ಆಗ ತೂಕ ಮುಗಿಸಿ ಲೆಕ್ಕ ಬರೆಯುವಾಗ ರಾತ್ರಿ ಏಳಾಗುತ್ತದೆ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಮಾತ್ರ ಸಮಯ ನನ್ನದು.

ಮೂರನೆಯದು ಸೆಕೆ. ಇಲ್ಲಿ ಈಗ ಸ್ವೆಟರ್ ಇಲ್ಲದೆ ಹೊರಗೆ ಬರಲಾಗುವುದಿಲ್ಲ. ಮಾರ್ಚ್‌ನಲ್ಲಿ ಕರಾವಳಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು.

ಈಜು ಹೇಗೋ ಆಗುತ್ತದೆ ಎಂದುಕೊಂಡಿದ್ದೇನೆ. ಚಿಕ್ಕಂದಿನಲ್ಲಿ ತೋಟದ ಕೆರೆಯಲ್ಲೇ ಕಲಿತದ್ದು. ಕೆರೆಯ ಉದ್ದ ಹತ್ತು ಸ್ಪ್ರಿಂಕ್ಲರ್ ಪೈಪಿನಷ್ಟು, ಅಂದರೆ ಸುಮಾರು 60 ಮೀಟರ್. ತಲೆ ಮೇಲೆತ್ತಿಕೊಂಡೇ ಈಜುತ್ತೇನೆ. ಮೊನ್ನೆ ಒಂದು ಸಲ ಹೋಗಿ ಒಂದು ಸಲ ಬಂದಾಗ ಏದುಸಿರು ಬಂತು. ಈ ದಡದಿಂದ ಆ ದಡಕ್ಕೆ ಒಂದು ಸುತ್ತು ಎಂದರೆ, ಇಂಥ ಹನ್ನೆರಡೂವರೆ ಸುತ್ತು ಆಗಬೇಕು.

ನಾಪೋಕ್ಲು ಹಾಫ್‌ಬ್ಯಾಕ್ (ಡಿಸೆಂಬರ್ 14)

ಹಾಕಿ ಬಿಟ್ಟು ಬೇರೆ ಆಟ ಗೊತ್ತಿಲ್ಲದವನು ನಾನು, ಆದರೂ ಒಂದು ಮಾತು. ಬೆಳಿಗ್ಗೆ ಐದೂವರೆಗೆ ಸೈಕಲ್ ತೆಗೆದುಕೊಂಡು ಕುಶಾಲನಗರದ ಕಡೆ ಇಳಿಯಬೇಡಿ. ನಡುವೆ ಆನೆಕಾಡು ಇದೆ. ಹೆಸರು ಸುಮ್ಮನೆ ಇಟ್ಟದ್ದಲ್ಲ. ಮಂಜಿನಲ್ಲಿ ನಿಮ್ಮ ಲೈಟ್ ಆನೆಗೆ ಕಾಣುತ್ತದೆ, ಆನೆ ನಿಮಗೆ ಕಾಣುವುದಿಲ್ಲ. ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ.

ಮೂರ್ನಾಡು ಪಿಟಿ ಮೇಡಂ (ಡಿಸೆಂಬರ್ 15)

ರೈಟರೇ, ಇಪ್ಪತ್ತೊಂಬತ್ತು ವರ್ಷ ಶಾಲೆಯ ಮಕ್ಕಳನ್ನು ಓಡಿಸಿ ನಿವೃತ್ತಳಾದವಳು ನಾನು. ನನ್ನ ಮೊದಲ ಟ್ರಯಥ್ಲಾನ್ 52ನೆಯ ವಯಸ್ಸಿನಲ್ಲಿ. ಕೊನೆಯಿಂದ ಎರಡನೆಯವಳಾಗಿ ಬಂದೆ. ಕೊನೆಯವನ ಸೈಕಲ್ ಪಂಕ್ಚರ್ ಆಗಿತ್ತು. ಆದ್ದರಿಂದ ನನ್ನ ಮಾತನ್ನು ಚಾಂಪಿಯನ್ನಿನ ಮಾತೆಂದು ತೆಗೆದುಕೊಳ್ಳಬೇಡಿ, ಏನೇನು ತಪ್ಪಾಗಬಹುದೋ ಅದನ್ನೆಲ್ಲ ಮಾಡಿ ಮುಗಿಸಿದವಳ ಮಾತೆಂದು ಓದಿ.

ನಿಮ್ಮ ಪ್ರಶ್ನೆಗಳ ಕ್ರಮವೇ ತಲೆಕೆಳಗಾಗಿದೆ. ಸಾಲ ಮಾಡಿ ಸೈಕಲ್ ಕೊಳ್ಳುವ ಮಾತು ಮೊದಲು, ಈಜು ಕೊನೆಗೆ, ಅದೂ "ಹೇಗೋ ಆಗುತ್ತದೆ" ಎಂದು. ಸೈಕಲ್ ಕೆಟ್ಟರೆ ಇಳಿದು ತಳ್ಳಬಹುದು. ಓಡಲಾಗದಿದ್ದರೆ ನಡೆಯಬಹುದು. ಕಡಲಿನ ನಡುವೆ ದಣಿದರೆ ಇಳಿದು ನಿಲ್ಲಲು ನೆಲವಿಲ್ಲ. ಹದಿನೈದು ವಾರದಲ್ಲಿ ನಿಮ್ಮ ಸಮಯದ ಅರ್ಧ ನೀರಿಗೆ ಹೋಗಲಿ.

ತಲೆ ಎತ್ತಿಕೊಂಡು ಈಜುವುದರಿಂದ ಏನಾಗುತ್ತದೆ ಎಂದರೆ ಸೊಂಟ, ಕಾಲು ಕೆಳಗೆ ಜಗ್ಗುತ್ತವೆ. ತಕ್ಕಡಿಯ ಒಂದು ತಟ್ಟೆ ಮೇಲೆದ್ದರೆ ಇನ್ನೊಂದು ಇಳಿಯುವ ಹಾಗೆ. ತೂಕ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಖ ನೀರಿನಲ್ಲಿರಲಿ, ಕಣ್ಣು ಕೆರೆಯ ತಳ ನೋಡಲಿ, ಉಸಿರು ಬೇಕಾದಾಗ ಮುಖವನ್ನು ಪಕ್ಕಕ್ಕೆ ಹೊರಳಿಸಿದರೆ ಸಾಕು. ಉಸಿರು ಬಿಡುವುದು ನೀರಿನೊಳಗೇ ಆಗಬೇಕು, ಗುಳ್ಳೆ ನಿಲ್ಲಬಾರದು. ಎರಡೇ ಸುತ್ತಿಗೆ ನಿಮಗೆ ಏದುಸಿರು ಬಂದದ್ದು ಕಸುವಿಲ್ಲದೆ ಅಲ್ಲ. ಉಸಿರು ಕಟ್ಟಿ ಈಜುತ್ತಿದ್ದೀರಿ, ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗದೆ ಏರುತ್ತಿದೆ, ಗಾಬರಿ ಹುಟ್ಟಿಸುವುದು ಅದೇ. ಮೊದಲ ವಾರ ಕೆರೆಗೆ ಹೋಗುವುದೇ ಬೇಡ. ಬಚ್ಚಲುಮನೆಯಲ್ಲಿ ಅಗಲವಾದ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿಕೊಂಡು ಮುಖ ಅದ್ದಿ ಗುಳ್ಳೆ ಬಿಡಿ, ಪಕ್ಕಕ್ಕೆ ಹೊರಳಿ ಉಸಿರೆಳೆದುಕೊಳ್ಳಿ. ಮನೆಯವರು ನಗುತ್ತಾರೆ. ನನ್ನ ಯಜಮಾನರು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸಿದ್ದರು.

ಆಮೇಲೆ ಕೆರೆ. ಒಂದು ಸುತ್ತು ಈಜಿ, ಉಸಿರು ಹದಕ್ಕೆ ಬರುವವರೆಗೆ ದಡದಲ್ಲಿ ನಿಂತು, ಮತ್ತೆ ಒಂದು. ಹೀಗೆ ಹತ್ತು. ವೇಗ ಬೇಡ. ಜನವರಿ ಮಧ್ಯದ ಹೊತ್ತಿಗೆ ಎರಡೆರಡು ಸುತ್ತು ಕೂಡಿಸಿ, ಫೆಬ್ರವರಿ ಹತ್ತರೊಳಗೆ ನಿಲ್ಲದೆ ಹದಿನಾಲ್ಕು ಸುತ್ತು ಆಗಬೇಕು. ಫೆಬ್ರವರಿ ಹತ್ತು ಏಕೆ ಎಂದರೆ, ಆಮೇಲೆ ನಿಮ್ಮ ಸಾಹುಕಾರರು ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಿಸುತ್ತಾರೆ, ಕೆರೆ ಬರಿದಾಗುತ್ತದೆ. ಇದನ್ನು ನೀವು ಯೋಚಿಸಿಲ್ಲ ಅಲ್ಲವೇ?

ಕಡಲಿನಲ್ಲಿ ಗೆರೆ ಎಳೆದಿರುವುದಿಲ್ಲ. ನೇರ ಹೋಗುತ್ತಿದ್ದೇನೆ ಎಂದುಕೊಂಡು ಜನ ಅಡ್ಡಾದಿಡ್ಡಿ ಹೋಗಿ 750ನ್ನು ಸಾವಿರ ಮಾಡಿಕೊಳ್ಳುತ್ತಾರೆ. ಕೆರೆಯ ಆಚೆ ದಡದಲ್ಲಿ ಒಂದು ಸಿಲ್ವರ್ ಓಕ್ ಮರ ಗುರುತಿಟ್ಟುಕೊಳ್ಳಿ. ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ತಲೆ ಎತ್ತಿ ಮರ ನೋಡಿ, ಮತ್ತೆ ಮುಖ ಒಳಗೆ. ಮೊಸಳೆ ನೋಡುವಂತೆ. ಕಡಲಿನಲ್ಲಿ ಮರದ ಬದಲು ಬಣ್ಣದ ತೇಲುಬುರುಡೆ ಇರುತ್ತದೆ.

ಉಪ್ಪುನೀರು ಸಿಹಿನೀರಿಗಿಂತ ಹೆಚ್ಚು ತೇಲಿಸುತ್ತದೆ, ಅದು ನಿಮಗೆ ಸಿಗುವ ಉಡುಗೊರೆ. ಅಲೆ ಮಾತ್ರ ಹೊಸದು. ದಡದ ಹತ್ತಿರ ಮುರಿಯುವ ಅಲೆ ಎದೆಗೆ ಬಡಿಯಲು ಬಿಡಬೇಡಿ, ಅದರ ಅಡಿಯಲ್ಲಿ ಮುಳುಗಿ ಆಚೆ ಏಳಿ. ಸ್ಪರ್ಧೆಗೆ ಮೊದಲು ಒಂದು ಸಲವಾದರೂ ಸಂಪಾಜೆ ಘಾಟಿ ಇಳಿದು ಹೋಗಿ ಕಡಲಿನಲ್ಲಿ ಈಜಿ ಬನ್ನಿ, ಜೀವರಕ್ಷಕರು ಇರುವ ಕಡೆ, ಗೊತ್ತಿರುವವರ ಜೊತೆ. ಎದೆ ಹಿಡಿದಂತಾದರೆ ಅಂಗಾತ ಮಲಗಿ ತೇಲಿ, ಕೈ ಎತ್ತಿ. ದೋಣಿಯವರು ಬರುತ್ತಾರೆ. ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದು, ಅದನ್ನು ಹಿಡಿದು ಮುಂದೆ ಸಾಗದಿದ್ದರೆ ಸಾಮಾನ್ಯವಾಗಿ ತಪ್ಪೆಂದು ಎಣಿಸುವುದಿಲ್ಲ. ನಾನು ಮೊದಲ ಸಲ ಅತ್ಯುತ್ಸಾಹದಿಂದ ಮುಂದಿನ ಸಾಲಿನಲ್ಲಿ ನಿಂತು, ಯಾರದೋ ಹಿಮ್ಮಡಿ ತಾಗಿ ಈಜುವ ಕನ್ನಡಕ ಹಾರಿ, ಒಂದು ನಿಮಿಷ ದೋಣಿಗೆ ಜೋತುಬಿದ್ದಿದ್ದೆ. ನೀವು ಹಿಂದೆ, ಒಂದು ಬದಿಗೆ ನಿಲ್ಲಿ. ಎಲ್ಲರೂ ಹೋಗಲಿ.

ಸೈಕಲ್ಲಿಗೆ ಸಾಲ ಬೇಡ. ಇರುವುದನ್ನೇ ಸರಿಮಾಡಿಸಿ, ಹೆಲ್ಮೆಟ್ ಒಂದು ಒಳ್ಳೆಯದು ಕೊಳ್ಳಿ. ಆದರೆ ಕೊಡಗಿನವರಿಗೆ ಒಂದು ಮೋಸ ಕಾದಿದೆ, ಕೇಳಿ. ನಮ್ಮ ರಸ್ತೆಗಳು ಏರುತ್ತವೆ ಇಲ್ಲವೇ ಇಳಿಯುತ್ತವೆ. ಏರಿನಲ್ಲಿ ಒದ್ದಾಡುತ್ತೇವೆ, ಇಳಿಜಾರಿನಲ್ಲಿ ಕಾಲಿಗೆ ರಜೆ. ನಲವತ್ತು ಕಿಲೋಮೀಟರ್ ಹೊಡೆದೆ ಎನ್ನುತ್ತೇವೆ, ಅರ್ಧ ದಾರಿ ಪೆಡಲನ್ನೇ ತುಳಿದಿರುವುದಿಲ್ಲ. ಕರಾವಳಿಯ ಚಪ್ಪಟೆ ರಸ್ತೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ತುಳಿಯಬೇಕು. ಎರಡು ವಾರಕ್ಕೊಮ್ಮೆ ಸೈಕಲ್ಲನ್ನು ಜೀಪಿಗೆ ಹಾಕಿಕೊಂಡು ಕುಶಾಲನಗರಕ್ಕೆ ಹೋಗಿ, ಅಲ್ಲಿಂದ ಬೈಲುಕುಪ್ಪೆ ದಾಟಿ ಪಿರಿಯಾಪಟ್ಟಣದ ಕಡೆ ಹತ್ತು ಕಿಲೋಮೀಟರ್ ಹೋಗಿ ಹಿಂದಿರುಗಿ, ಕಾಲು ನಿಲ್ಲಿಸದೆ. ಬಲಗಾಲು 15 ಸೆಕೆಂಡಿಗೆ 20ರಿಂದ 22 ಸಲ ಸುತ್ತುವಂತೆ ಗೇರ್ ಹಗುರ ಮಾಡಿಕೊಳ್ಳಿ. ಭಾರದ ಗೇರಿನಲ್ಲಿ ಜಗ್ಗುವವರ ಮಂಡಿ ಓಟದ ಹೊತ್ತಿಗೆ ಸೇಡು ತೀರಿಸಿಕೊಳ್ಳುತ್ತದೆ.

ಓಟದ ಬಗ್ಗೆ ನಿಮಗೆ ಹೇಳುವುದು ಕಡಿಮೆ. ದಿನವಿಡೀ ನಡೆಯುವವರು ನೀವು. ವಾರಕ್ಕೆ ಎರಡು ಸಲ ತೋಟದ ರಸ್ತೆಯಲ್ಲಿ ಅರ್ಧ ಗಂಟೆ, ಮಾತನಾಡುತ್ತಾ ಓಡಬಹುದಾದ ವೇಗದಲ್ಲಿ. ಒಂದನ್ನು ಮಾತ್ರ ಬಿಡಬೇಡಿ: ಸೈಕಲ್ ತುಳಿದು ಇಳಿದ ಕೂಡಲೇ ಹತ್ತು ನಿಮಿಷ ಓಡುವುದು. ಇದಕ್ಕೆ ಬ್ರಿಕ್ ಎನ್ನುತ್ತಾರೆ. ಮೊದಲ ಸಲ ಕಾಲು ನಿಜಕ್ಕೂ ಇಟ್ಟಿಗೆಯಾಗಿರುತ್ತದೆ, ಯಾರದೋ ಕಾಲನ್ನು ಎರವಲು ತಂದ ಹಾಗೆ. ನಾಲ್ಕೈದು ಸಲ ಮಾಡಿದರೆ ಆ ಭಾವನೆ ಒಂದು ಕಿಲೋಮೀಟರಿನೊಳಗೆ ಕರಗುತ್ತದೆ.

ಸೆಕೆಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಸಾಕು. ನಿಮ್ಮಲ್ಲೇ ಒಂದು ಕರಾವಳಿ ಇದೆ: ಕಾಫಿ ಒಣಗಿಸುವ ಕಣ. ಮಾರ್ಚ್ ಎರಡನೆಯ ವಾರದಿಂದ ಊಟದ ಬಿಡುವಿನಲ್ಲಿ ಮಧ್ಯಾಹ್ನ ಎರಡೂವರೆಗೆ ಕಣದ ಸುತ್ತ ಇಪ್ಪತ್ತು ನಿಮಿಷ ನಿಧಾನವಾಗಿ ಓಡಿ. ಊಟಕ್ಕೆ ಮೊದಲು, ಊಟದ ಮೇಲಲ್ಲ. ಉಪ್ಪು ಹಾಕಿದ ನಿಂಬೆ ಪಾನಕ ಕುಡಿಯಿರಿ, ತಲೆ ಸುತ್ತಿದರೆ ನಿಲ್ಲಿಸಿ. ಆದರೂ ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಕಣದಲ್ಲಿ ಆರುತ್ತದೆ. ಓಟದ ಮೊದಲ ಅರ್ಧ ನಿಮಗೆ ಅನಿಸಿದ್ದಕ್ಕಿಂತ ನಿಧಾನವಾಗಿರಲಿ.

ಹೊರಡುವ ಮೊದಲು ಒಮ್ಮೆ ವೈದ್ಯರ ಬಳಿ ಹೋಗಿ ಎದೆ ತೋರಿಸಿ, ಇಸಿಜಿ ಮಾಡಿಸಿ. ನಲವತ್ತು ದಾಟಿದ ಗಂಡಸರು ಇದೊಂದನ್ನು ಮಾಡದೆ ಉಳಿದೆಲ್ಲ ಮಾಡುತ್ತಾರೆ.

ಇನ್ನೊಂದು, ಇದು ಆಜ್ಞೆ: ಕೆರೆಗೆ ಒಬ್ಬರೇ ಇಳಿಯಬಾರದು.

ಚೈನ್ ಎಣ್ಣೆ, ಕುಶಾಲನಗರ (ಡಿಸೆಂಬರ್ 15)

ಸೈಕಲ್ ರಿಪೇರಿ ನನ್ನ ಕಸುಬು. ಮೇಡಂ ಹೇಳಿದ್ದು ಸರಿ, ಹೊಸದು ಬೇಡ. ಮೇಲೆ ಉಬ್ಬುಗಳಿರುವ ದಪ್ಪ ಟಯರ್ ಬಿಚ್ಚಿ ಅದೇ ರಿಮ್ಮಿಗೆ ಹೊಂದುವ ನುಣುಪಾದ ಸಣ್ಣ ಟಯರ್ ಹಾಕಿಸಿ, ಗಾಳಿ ಬಿಗಿಯಾಗಿರಲಿ. ಟಯರಿನ ಪಕ್ಕದಲ್ಲೇ ಎಷ್ಟು ಗಾಳಿ ಎಂದು ಬರೆದಿರುತ್ತದೆ. ಕಡಿಮೆ ಖರ್ಚಿನಲ್ಲಿ ಇಷ್ಟು ವೇಗ ಬೇರೆ ಯಾವುದರಿಂದಲೂ ಬರುವುದಿಲ್ಲ.

ಸೀಟಿನ ಎತ್ತರ: ಸೀಟಿನ ಮೇಲೆ ಕುಳಿತು ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುತ್ತೀರಿ, ಆಗ ಮಂಡಿ ಬೇಕಾದಷ್ಟು ಬಾಗುತ್ತದೆ. ಮಂಡಿಯ ಮುಂಭಾಗ ನೋಯುತ್ತದೆ ಎಂದು ನನ್ನ ಬಳಿ ಬರುವವರಲ್ಲಿ ಬಹುಪಾಲು ಜನರ ಸೀಟು ತಗ್ಗಾಗಿರುತ್ತದೆ. ಇಳಿಜಾರಿನ ಊರಿನವರು, ಬ್ರೇಕ್ ಕಟ್ಟೆ ಸವೆದಿದೆಯೇ ನೋಡಿ. ತೋಟದ ಕೆಂಪು ಮಣ್ಣು ಚೈನಿಗೆ ಮರಳುಕಾಗದ ಇದ್ದಂತೆ, ಒರೆಸಿ ಎಣ್ಣೆ ಹಾಕಿ.

ಹಾಜರಿ ಪುಸ್ತಕ (ಡಿಸೆಂಬರ್ 16)

ಎಲ್ಲರಿಗೂ ವಂದನೆ. ಮೇಡಂ, ಸ್ಪ್ರಿಂಕ್ಲರ್ ವಿಷಯ ಓದಿ ಬೆವರು ಬಂತು. ಪ್ರತಿ ವರ್ಷ ಆ ಪೈಪ್‌ಗಳ ಲೆಕ್ಕ ಬರೆಯುವವನೇ ನಾನು.

ಒಬ್ಬನೇ ಇಳಿಯಬಾರದು ಎಂದಿರಿ. ಮೂವತ್ತು ವರ್ಷದಿಂದ ಗೊತ್ತಿರುವ ಕೆರೆ ಅದು. ಬೆಳಿಗ್ಗೆ ಐದೂವರೆಗೆ ನನ್ನ ಜೊತೆ ಯಾರು ಬರುತ್ತಾರೆ? ಬೇಡವೆಂದರೆ ಹಾರಂಗಿ ಹಿನ್ನೀರಿಗೋ ಹೊಳೆಗೋ ಹೋಗಲೇ?

ಮೂರ್ನಾಡು ಪಿಟಿ ಮೇಡಂ (ಡಿಸೆಂಬರ್ 16)

ಹೊಳೆ ಬೇಡ, ಹಿನ್ನೀರು ಬೇಡ. ಕಾವೇರಿಯಲ್ಲಿ ಮೇಲೆ ಶಾಂತವಾಗಿ ಕಾಣುವ ಕಡೆ ಕೆಳಗೆ ಸೆಳೆತ, ಬಂಡೆಯ ಸಂದು. ಪ್ರತಿ ವರ್ಷ ಪತ್ರಿಕೆಯಲ್ಲಿ ಓದುವುದಿಲ್ಲವೇ? ಈಜು ಬಲ್ಲವರೇ ಹೋಗಿದ್ದಾರೆ.

ತೋಟದ ಕೆರೆಯೂ ಸಾಧುವಲ್ಲ. ದಡ ಕಡಿದಾಗಿರುತ್ತದೆ, ಅಡಿಯಲ್ಲಿ ಕೆಸರು. ಡಿಸೆಂಬರಿನ ಮುಂಜಾವದ ನೀರಿಗೆ ಏಕಾಏಕಿ ಹಾರಿದರೆ ಮೊದಲ ಉಸಿರೇ ತಪ್ಪುತ್ತದೆ, ಅದು ಯಾರ ಕೆರೆ ಎಂದು ನೀರು ಕೇಳುವುದಿಲ್ಲ. ಲಾರಿಯ ಹಳೆಯ ಟ್ಯೂಬಿಗೆ ಗಾಳಿ ತುಂಬಿ ಉದ್ದ ಹಗ್ಗ ಕಟ್ಟಿ. ದಡದಲ್ಲಿ ಹಗ್ಗ ಹಿಡಿದು ಒಬ್ಬರು ನಿಲ್ಲಬೇಕು. ಮನೆಯವರನ್ನೇ ಕರೆಯಿರಿ. ಹಾಗೆ ಕರೆಯುವಾಗ ಎಷ್ಟು ಹಣ ಕಟ್ಟಿದಿರಿ ಎನ್ನುವುದನ್ನೂ ಹೇಳಿಬಿಡಿ. ಈಜು ಐದೂವರೆಗೆ ಬೇಡ, ಆರೂವರೆಗೆ, ಬೆಳಕಿನಲ್ಲಿ. ಮುಖಕ್ಕೆ, ಕತ್ತಿಗೆ ನೀರು ಹಾಕಿಕೊಂಡು ಮೆಲ್ಲನೆ ಇಳಿಯಿರಿ.

ಮರೆತಿದ್ದೆ, ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಜಾಗವಿದೆಯಲ್ಲ, ಟ್ರಾನ್ಸಿಷನ್, ಅಲ್ಲಿಯೂ ಗಡಿಯಾರ ಓಡುತ್ತಿರುತ್ತದೆ. ಕಣದಲ್ಲಿ ಒಂದು ಗೋಣಿಚೀಲ ಹಾಸಿ ಅದರ ಮೇಲೆ ಬೇಕಾದ ಕ್ರಮದಲ್ಲಿ ಸಾಮಾನು ಜೋಡಿಸಿ ಅಭ್ಯಾಸ ಮಾಡಿ. ಹೆಲ್ಮೆಟ್ ತಲೆಗೆ ಹಾಕಿ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು, ಓಟಕ್ಕೆ ಹೋಗುವಾಗ ಸೈಕಲ್ ನಿಲ್ಲಿಸಿದ ಮೇಲೆಯೇ ಪಟ್ಟಿ ಬಿಚ್ಚಬೇಕು. ಸೈಕಲ್ಲನ್ನು ಗೆರೆಯವರೆಗೆ ತಳ್ಳಿಕೊಂಡೇ ಹೋಗಬೇಕು, ಗೆರೆ ದಾಟಿದ ಮೇಲೆ ಹತ್ತಬೇಕು. ಇದನ್ನು ಮರೆತ ಒಬ್ಬಳು ಪಿಟಿ ಮೇಡಂಗೆ ಶಿಳ್ಳೆ ಊದಿ ನಿಲ್ಲಿಸಿದ್ದರು. ಜೀವಮಾನವಿಡೀ ಶಿಳ್ಳೆ ಊದಿದವಳಿಗೆ!

ರಿಸಾರ್ಟ್ ರಾತ್ರಿಪಾಳಿ, ಮಡಿಕೇರಿ (ಡಿಸೆಂಬರ್ 18)

ಕೆರೆ ಬತ್ತಿದ ಮೇಲೆ ಏನು ಎಂದು ಯೋಚಿಸುತ್ತಿದ್ದರೆ, ಹತ್ತಿರದ ರಿಸಾರ್ಟ್‌ಗಳಲ್ಲಿ ಕೇಳಿ ನೋಡಿ. ನಾನು ಕೆಲಸ ಮಾಡುವಲ್ಲಿ ವಾರದ ದಿನಗಳಲ್ಲಿ ಬೆಳಿಗ್ಗೆ ಎಂಟರವರೆಗೆ ಕೊಳಕ್ಕೆ ಯಾರೂ ಇಳಿಯುವುದಿಲ್ಲ, ಅತಿಥಿಗಳು ಮಂಜಿನ ಫೋಟೊ ತೆಗೆಯುತ್ತಿರುತ್ತಾರೆ. ಕೊಳ 14 ಮೀಟರ್ ಇದ್ದರೂ ಸೊಂಟಕ್ಕೆ ಸೈಕಲ್ ಟ್ಯೂಬ್ ಕಟ್ಟಿ ಇನ್ನೊಂದು ತುದಿಯನ್ನು ಏಣಿಗೆ ಬಿಗಿದರೆ ಇದ್ದಲ್ಲೇ ಎಷ್ಟು ಹೊತ್ತು ಬೇಕಾದರೂ ಈಜಬಹುದು. ನಮ್ಮ ಅತಿಥಿಯೊಬ್ಬರು ಹಾಗೆ ಮಾಡುತ್ತಿದ್ದರು. ಯಾರೋ ಕಟ್ಟಿಹಾಕಿದ್ದಾರೆ ಎಂದುಕೊಂಡು ನಮ್ಮ ತೋಟಗಾರ ಬಿಡಿಸಲು ಓಡಿದ್ದ.

ಹಾಜರಿ ಪುಸ್ತಕ (ಏಪ್ರಿಲ್ 2)

ವರದಿ ಒಪ್ಪಿಸಬೇಕಲ್ಲ, ಒಪ್ಪಿಸುತ್ತಿದ್ದೇನೆ.

ಮನೆಯವಳಿಗೆ ಮೊತ್ತ ಹೇಳಿದೆ. ಎರಡು ದಿನ ಮಾತಿರಲಿಲ್ಲ. ಮೂರನೆಯ ದಿನ ಅವಳೇ ಹಗ್ಗ ಹಿಡಿದು ದಡದಲ್ಲಿ ನಿಂತಳು, ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಸುತ್ತಿನ ಲೆಕ್ಕ ಅವಳದೇ. ನಾನು ಹನ್ನೊಂದು ಎಂದರೆ ಒಂಬತ್ತು ಎನ್ನುತ್ತಿದ್ದಳು, ಸರಿಯಾಗಿರುತ್ತಿದ್ದದ್ದು ಅವಳದು. ಹದಿನಾಲ್ಕು ಸುತ್ತು ಫೆಬ್ರವರಿ 12ಕ್ಕೆ ಆಯಿತು. 20ಕ್ಕೆ ಪಂಪ್ ಶುರುವಾಯಿತು. ಆಮೇಲೆ ಒಂದು ರಿಸಾರ್ಟಿನ ಕೊಳದಲ್ಲಿ ಸೊಂಟಕ್ಕೆ ಟ್ಯೂಬ್ ಕಟ್ಟಿಕೊಂಡು ಒಂಬತ್ತು ದಿನ. ಮಾರ್ಚ್ ಮೊದಲ ಭಾನುವಾರ ಕಡಲಿಗೂ ಹೋಗಿ ಬಂದೆವು. ಆ ದಿನ ಉಪ್ಪುನೀರು ಕುಡಿದು ವಾಂತಿ ಮಾಡಿದೆ, ಅದನ್ನು ಇಲ್ಲಿ ಬರೆಯುವ ಧೈರ್ಯ ಆಗಿರಲಿಲ್ಲ.

ಸ್ಪರ್ಧೆಯ ಮುಂಜಾನೆ ನಾಲ್ಕಕ್ಕೆ, ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಎರಡು ಅಕ್ಕಿ ರೊಟ್ಟಿ, ಜೇನು, ಒಂದು ಬಾಳೆಹಣ್ಣು. ಹಿಂದಿನ ಸಾಲಿನಲ್ಲಿ, ಎಡಬದಿಗೆ ನಿಂತೆ. ನೂರು ಮೀಟರ್ ಹೋಗುವಷ್ಟರಲ್ಲಿ ಮೇಡಂ ಹೇಳಿದ ಗಾಬರಿ ಹೇಳಿದ ಹಾಗೆಯೇ ಬಂತು. ಗುಳ್ಳೆ ನಿಂತಿತ್ತು. ಅಂಗಾತ ಮಲಗಿದೆ. ಆಕಾಶದಲ್ಲಿ ಒಂದು ಹದ್ದು ಸುತ್ತುತ್ತಿತ್ತು, ಇದೇನು ಶಕುನವಪ್ಪಾ ಎಂದುಕೊಂಡೆ. ಇಪ್ಪತ್ತು ಉಸಿರು ಎಣಿಸಿ ಮತ್ತೆ ಮಗುಚಿದೆ. ದೋಣಿ ಹಿಡಿಯಲಿಲ್ಲ. ಈಜು 27 ನಿಮಿಷ.

ನೀರಿನಿಂದ ಬಂದ ಮೇಲೆ ನನ್ನ ಸೈಕಲ್ ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಕಣದಲ್ಲಿ ಒಂದೇ ಸೈಕಲ್ ಇಟ್ಟು ಅಭ್ಯಾಸ ಮಾಡಿದವನಿಗೆ ಅಲ್ಲಿ ಇನ್ನೂರರ ಹತ್ತಿರ ಸೈಕಲ್. ಮೂರು ಸಾಲು ಹುಡುಕಿದೆ. ಆರು ನಿಮಿಷ ಅಲ್ಲೇ ಹೋಯಿತು. ಮುಂದೆ ಹೋಗುವವರು ಮೊದಲೇ ಸಾಲು ಎಣಿಸಿಟ್ಟುಕೊಳ್ಳಿ. ಹೆಲ್ಮೆಟ್ ಪಟ್ಟಿ ಮಾತ್ರ ಬಿಗಿದೇ ಮುಟ್ಟಿದೆ, ಯಾರೂ ಶಿಳ್ಳೆ ಊದಲಿಲ್ಲ.

ಸೈಕಲ್ 48 ನಿಮಿಷ, ಹೊಸ ಟಯರ್ ಕೈಬಿಡಲಿಲ್ಲ. ಓಟದ ಎರಡನೆಯ ಕಿಲೋಮೀಟರಿಗೆ ಕಣದ ಸೆಕೆ ಎಷ್ಟು ಒಳ್ಳೆಯದಿತ್ತು ಅನಿಸಿತು. ನೀರು ಕೊಡುವ ಕಡೆಗಳಲ್ಲೆಲ್ಲ ನಡೆದೆ, ಅರ್ಧ ಕುಡಿದು ಅರ್ಧ ತಲೆಗೆ ಸುರಿದುಕೊಂಡೆ. 37 ನಿಮಿಷ. ಎಲ್ಲ ಸೇರಿ ಎರಡು ಗಂಟೆ ಎರಡು ನಿಮಿಷ. ನನ್ನ ಹಿಂದೆ ಹನ್ನೊಂದು ಜನ ಇದ್ದರು, ಎಣಿಸಿದವಳು ಮನೆಯವಳು, ಹಾಗಾಗಿ ನಂಬಬಹುದು.

ಮರುದಿನ ಏಳೂವರೆಗೆ ಹಾಜರಿ ಹಾಕುವಾಗ ಮೇಸ್ತ್ರಿ ಪದಕ ನೋಡಿ, ಚಿನ್ನವೋ ಎಂದು ಕೇಳಿ, ಹಲ್ಲಿನಲ್ಲಿ ಕಚ್ಚಿ ವಾಪಸ್ ಕೊಟ್ಟರು.

ಕೆರೆಯಲ್ಲಿ ಈಗ ಮೊಣಕಾಲಿನಷ್ಟು ನೀರಿದೆ. ಮುಂಗಾರು ಹಿಡಿಯುವವರೆಗೆ ಓಟ ಮಾತ್ರ. ಮೇಡಂ, ಮಳೆಗಾಲದಲ್ಲಿ ತೋಟದ ರಸ್ತೆಯಲ್ಲಿ ಓಡುವಾಗ ಜಿಗಣೆಗೆ ನೀವು ಏನು ಹಚ್ಚಿಕೊಳ್ಳುತ್ತೀರಿ? ಹೊಗೆಸೊಪ್ಪಿನ ನೀರು ನನಗೆ ಆಗುವುದಿಲ್ಲ, ತಲೆ ಸುತ್ತುತ್ತದೆ.

ಮೂರ್ನಾಡು ಪಿಟಿ ಮೇಡಂ (ಏಪ್ರಿಲ್ 2)

ಉದ್ದನೆಯ ಕಾಲುಚೀಲಕ್ಕೆ ಬೇವಿನೆಣ್ಣೆ ಸವರಿ, ಅಂಚಿಗೆ ಉಪ್ಪು ಉಜ್ಜಿ. ಮಳೆ ಜೋರಾದರೆ ಎರಡೂ ತೊಳೆದುಹೋಗುತ್ತವೆ, ಆಗ ನಿಲ್ಲದೆ ಓಡಿ. ಆರು ನಿಮಿಷ ಸೈಕಲ್ ಹುಡುಕಿದ್ದು ಮಾತ್ರ ಕ್ಷಮೆಗೆ ಯೋಗ್ಯವಲ್ಲ.